ಸ್ಟೇರಿಂಗ್ ಇಲ್ಲದ ರೇಸ್ ಕಾರು: ಡೂಲಿಂಗ್, ಮೆಕಾಯ್ ಮತ್ತು ತಂತಿಗೆ ಕಟ್ಟಿ ಓಡಿಸಿದ ಪುಟಾಣಿ ಎಂಜಿನ್‌ಗಳ ಕಥೆ

ಪ್ರಶ್ನೆ: ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಗೆ ಹೋಗಿದ್ದೆ. ಪಕ್ಕದ ಬೀದಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರ ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ಅದರಲ್ಲಿ ಒಂದೂವರೆ ಅಡಿ ಉದ್ದದ ಲೋಹದ ರೇಸ್ ಕಾರು ಕಂಡಿತು. ಕೈಗೆತ್ತಿಕೊಂಡರೆ ಒಳ್ಳೆ ಭಾರ. ಒಳಗೆ ನಿಜವಾದ ಎಂಜಿನ್, ಅದರ ಮೇಲೆ ಡೂಲಿಂಗ್ ಎಂಬ ಹೆಸರು. ಆದರೆ ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ, ರಿಮೋಟ್ ಕೂಡ ಇಲ್ಲ. ಬೆಲೆ ಕೇಳಿದೆ. ಸಾವಿರಾರು ಡಾಲರ್ ಅಂದರು, ವಾಪಸ್ ಇಟ್ಟುಬಿಟ್ಟೆ. ಇದು ಆಟಿಕೆಯಾ? ಇದನ್ನು ಹೇಗೆ ಓಡಿಸುತ್ತಿದ್ದರು? ಯಾರು ಮಾಡುತ್ತಿದ್ದರು? ಈಗಲೂ ಇಂಥವು ಓಡುತ್ತವಾ?

ಉತ್ತರ: ಅದು ಆಟಿಕೆ ಅಲ್ಲ. ಅಸಲಿ ಡೂಲಿಂಗ್ ಆಗಿದ್ದರೆ ಅವರು ಹೇಳಿದ ಬೆಲೆಯೂ ಅತಿ ಅಲ್ಲ. ಆ ಕಾರು ಓಡುವ ದಿನಗಳಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟುತ್ತಿತ್ತು. ಆಗಿನ ರಸ್ತೆಯಲ್ಲಿ ಅಷ್ಟು ವೇಗದಲ್ಲಿ ಹೋಗುವ ದೊಡ್ಡ ಕಾರುಗಳೇ ಬೆರಳೆಣಿಕೆಯಷ್ಟು.

ಮೊದಲು ಸ್ಟೇರಿಂಗ್ ವಿಷಯ. ಈ ಕಾರುಗಳಿಗೆ ಟೆದರ್ ಕಾರು ಎನ್ನುತ್ತಾರೆ. ವೃತ್ತಾಕಾರದ ಕಾಂಕ್ರೀಟ್ ಅಥವಾ ಡಾಂಬರು ಟ್ರ್ಯಾಕ್. ಅದರ ನಡುವೆ ಗಟ್ಟಿಯಾಗಿ ಹುಗಿದ ಕಂಬ. ಕಂಬದಿಂದ ಉಕ್ಕಿನ ತಂತಿ ಬಂದು ಕಾರಿನ ಪಕ್ಕದಲ್ಲಿರುವ ಹಿಡಿಗೆ ಸೇರುತ್ತದೆ. ಕಾರು ಗಾಣದ ಎತ್ತಿನ ಹಾಗೆ ಕಂಬದ ಸುತ್ತ ಸುತ್ತುತ್ತದೆ, ಅಷ್ಟೇ. ತಿರುಗಿಸುವ ಕೆಲಸವೆಲ್ಲ ತಂತಿಯದು. ಹಾಗಾಗಿ ಸ್ಟೇರಿಂಗ್ ಬೇಕಾಗಿಲ್ಲ. ನೀವು ನೋಡಿದ ಕಾರಿನ ಒಂದು ಬದಿಯಲ್ಲಿ ಚಾಚಿಕೊಂಡ ಲೋಹದ ಪಟ್ಟಿ ಇದ್ದಿರಬೇಕು. ತಂತಿ ಸಿಕ್ಕಿಸುವ ಜಾಗ ಅದೇ.

ಅಮೆರಿಕದಲ್ಲಿ ಟ್ರ್ಯಾಕಿನ ವ್ಯಾಸ 70 ಅಡಿ ಇಡುತ್ತಿದ್ದರು. ಅದಕ್ಕೊಂದು ಲೆಕ್ಕ ಇದೆ. ಅಷ್ಟು ವ್ಯಾಸಕ್ಕೆ ಒಂದು ಸುತ್ತು ಸುಮಾರು 220 ಅಡಿ, 24 ಸುತ್ತಿಗೆ ಸರಿಯಾಗಿ ಒಂದು ಮೈಲಿ. ಕಾಲು ಮೈಲಿ ಬೇಕೆಂದರೆ 6 ಸುತ್ತು, ಅರ್ಧ ಮೈಲಿಗೆ 12. ಸ್ಟಾಪ್‌ವಾಚ್ ಹಿಡಿದವನಿಗೆ ತಲೆನೋವಿಲ್ಲ.

ತಂತಿಯ ಮೇಲೆ ಬೀಳುವ ಎಳೆತ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 3 ಕೆಜಿ ಕಾರು 70 ಅಡಿಯ ಟ್ರ್ಯಾಕಿನಲ್ಲಿ ಗಂಟೆಗೆ 200 ಕಿ.ಮೀ. ವೇಗದಲ್ಲಿ ಸುತ್ತಿದರೆ ತಂತಿ ಹೊರುವ ಭಾರ ಸುಮಾರು 90 ಕೆಜಿ. ದಪ್ಪ ಮನುಷ್ಯನೊಬ್ಬ ಆ ತಂತಿಗೆ ಜೋತುಬಿದ್ದಷ್ಟು. ತಂತಿ ತುಂಡಾದರೆ ಕಾರು ನೇರವಾಗಿ ಹೊರಗೆ ಹಾರುತ್ತದೆ. ಅದಕ್ಕೇ ಟ್ರ್ಯಾಕಿನ ಸುತ್ತ ಬೇಲಿ, ತಡೆಗೋಡೆ.

ಇನ್ನೊಂದು ಪದ್ಧತಿಯೂ ಇತ್ತು. ಒಳಕ್ಕೆ ಬಾಗಿದ ಮರದ ಹಲಗೆಯ ಟ್ರ್ಯಾಕ್ ಕಟ್ಟಿ, ಅದರ ಉದ್ದಕ್ಕೂ ಹಳಿ ಕೂರಿಸುತ್ತಿದ್ದರು. ಪ್ರತಿ ಕಾರೂ ತನ್ನ ಹಳಿ ಹಿಡಿದು ಓಡುತ್ತಿತ್ತು. ತಂತಿಯ ಟ್ರ್ಯಾಕಿನಲ್ಲಿ ಒಂದು ಸಲಕ್ಕೆ ಒಂದೇ ಕಾರು, ಪೈಪೋಟಿ ಗಡಿಯಾರದ ಜೊತೆ. ಹಳಿಯ ಟ್ರ್ಯಾಕಿನಲ್ಲಿ ನಾಲ್ಕಾರು ಕಾರು ಒಟ್ಟಿಗೆ ಓಡುತ್ತಿದ್ದವು. ನೋಡುವವರಿಗೆ ಮಜಾ ಅಲ್ಲೇ ಜಾಸ್ತಿ. ಆದರೆ ಅಂಥ ಟ್ರ್ಯಾಕ್ ಕಟ್ಟುವುದೂ ಕಾಪಾಡುವುದೂ ದುಬಾರಿ. ಕೊನೆಗೆ ತಂತಿಯೇ ಗೆದ್ದಿತು.

ಇನ್ನು ಮಾಡಿದವರ ಕಥೆ. ಇದು ಕಾರಿನಿಂದ ಶುರುವಾಗುವುದಿಲ್ಲ, ವಿಮಾನದಿಂದ ಶುರುವಾಗುತ್ತದೆ. 1930ರ ದಶಕದ ಆರಂಭದವರೆಗೆ ಮಾದರಿ ವಿಮಾನ ಎಂದರೆ ರಬ್ಬರ್ ಬ್ಯಾಂಡ್ ಸುತ್ತಿ ಹಾರಿಸುವುದು. ಫಿಲಡೆಲ್ಫಿಯಾದ ಬಿಲ್ ಬ್ರೌನ್ ಎಂಬ ಹುಡುಗ ಪುಟ್ಟ ಪೆಟ್ರೋಲ್ ಎಂಜಿನ್ ಮಾಡಿದ. ಅವನ ಗೆಳೆಯ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಅದನ್ನು ತನ್ನ ವಿಮಾನಕ್ಕೆ ಹಾಕಿ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ಬ್ಯಾಂಡಿನವರನ್ನೆಲ್ಲ ಸೋಲಿಸಿಬಿಟ್ಟ. ಆಮೇಲೆ ಎಂಜಿನ್ ವಿಮಾನಗಳಿಗೆ ಬೇರೆಯೇ ವಿಭಾಗ ಮಾಡಬೇಕಾಯಿತು. ಬ್ರೌನ್ ಜೂನಿಯರ್ ಹೆಸರಿನಲ್ಲಿ ಆ ಎಂಜಿನ್ 1934ರಿಂದ ಮಾರಾಟಕ್ಕೆ ಬಂತು. ಗಾತ್ರ 0.60 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 10 ಸಿಸಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಟೆದರ್ ಕಾರಿನ ಅತಿ ದೊಡ್ಡ ವರ್ಗ ಇವತ್ತಿಗೂ 10 ಸಿಸಿಯೇ.

ಎಂಜಿನ್ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಯಾರಾದರೂ ಅದಕ್ಕೆ ಚಕ್ರ ಹಚ್ಚದೆ ಇರುತ್ತಾರಾ? 1930ರ ದಶಕದ ಕೊನೆಯ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇದು ದೊಡ್ಡ ಹುಚ್ಚಾಯಿತು. ಅಲ್ಲೇ ಯಾಕೆ? ಲಾಸ್ ಏಂಜಲೀಸ್‌ನ ಗಿಲ್ಮೋರ್ ಸ್ಟೇಡಿಯಂನಲ್ಲಿ ಆಗ ಮಿಡ್ಜೆಟ್ ಎಂಬ ಪುಟ್ಟ ರೇಸ್ ಕಾರುಗಳ ಓಟಕ್ಕೆ ಜನ ಮುಗಿಬೀಳುತ್ತಿದ್ದರು. ಒಣಗಿದ ಕೆರೆಗಳ ಅಂಗಳದಲ್ಲಿ ಹುಡುಗರು ಹಳೇ ಕಾರುಗಳನ್ನು ಬಿಚ್ಚಿ ಕಟ್ಟಿ ವೇಗ ಅಳೆಯುತ್ತಿದ್ದರು. ಊರ ಸುತ್ತ ಡಗ್ಲಸ್, ಲಾಕ್‌ಹೀಡ್, ನಾರ್ತ್ ಅಮೆರಿಕನ್ ಥರದ ವಿಮಾನ ಕಾರ್ಖಾನೆಗಳು. ಅವನ್ನು ನಂಬಿಕೊಂಡ ನೂರಾರು ಸಣ್ಣ ಲೇತ್ ಅಂಗಡಿ, ಎರಕದ ಫೌಂಡ್ರಿ. ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಕ ಹೊಯ್ಯುವುದು ಅಲ್ಲಿನವರಿಗೆ ದಿನದ ಕೆಲಸ. ರೇಸಿನ ಗೀಳು, ಲೋಹದ ಕೈಚಳಕ, ಮಳೆಯಿಲ್ಲದ ಹವೆ ಮೂರೂ ಒಂದೇ ಊರಿನಲ್ಲಿ ಸಿಕ್ಕಿದ್ದವು.

ಆ ಕಾಲದ ಒಬ್ಬ ತಯಾರಕನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಅವನಿಗೆ ಆಗ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಹೆಸರು ಸ್ಟ್ಯಾನ್ಲಿ ಹಿಲ್ಲರ್, ಹುಟ್ಟಿದ್ದು 1924ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಆಚೆ ದಡದ ಹುಡುಗ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಹಿಲ್ಲರ್ ಕಾಮೆಟ್ ಎಂಬ ಮಾದರಿ ರೇಸ್ ಕಾರು ಮಾಡಿ ಮಾರತೊಡಗಿದ. ಕಾರಿನ ಬಾಡಿಯನ್ನು ಅಲ್ಯೂಮಿನಿಯಂ ಡೈ-ಕಾಸ್ಟಿಂಗ್‌ನಲ್ಲಿ ಎರಕ ಹೊಯ್ಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಎರಡನೇ ಮಹಾಯುದ್ಧ ಬಂತು. ಆಟದ ಕಾರಿಗೆ ಲೋಹ ಸಿಗದಾಯಿತು. ಅದೇ ಯಂತ್ರಗಳಲ್ಲಿ ಯುದ್ಧವಿಮಾನದ ಬಿಡಿಭಾಗ ಎರಕ ಹೊಯ್ದು ಕೊಡುವ ಗುತ್ತಿಗೆ ಹಿಡಿದ. ಆ ದುಡ್ಡಿನ ಬಲದ ಮೇಲೆ ಹೆಲಿಕಾಪ್ಟರ್ ಕೈಗೆತ್ತಿಕೊಂಡ. 1944ರಲ್ಲಿ ಅವನ ಎಕ್ಸ್‌ಎಚ್-44 ಹಾರಿತು. ಒಂದರ ಮೇಲೊಂದು ಎರಡು ರೆಕ್ಕೆಚಕ್ರ ಇದ್ದು, ಅವು ವಿರುದ್ಧ ದಿಕ್ಕಿಗೆ ತಿರುಗುವ ಹೆಲಿಕಾಪ್ಟರ್ ಅದು. ಅಮೆರಿಕದಲ್ಲಿ ಆ ಬಗೆಯದು ಸರಿಯಾಗಿ ಹಾರಿದ್ದು ಅದೇ ಮೊದಲು. ಆಗ ಅವನಿಗೆ 19 ವರ್ಷ. ಮುಂದೆ ಹಿಲ್ಲರ್ ಹೆಲಿಕಾಪ್ಟರ್ ಕಂಪನಿ ಅಮೆರಿಕದ ದೊಡ್ಡ ಹೆಸರುಗಳಲ್ಲಿ ಒಂದಾಯಿತು.

ಬೆಲ್ ಹೆಲ್ಮೆಟ್ ಗೊತ್ತಲ್ವಾ? ಅದರ ಹಿಂದಿನ ರಾಯ್ ರಿಕ್ಟರ್ ಕೂಡ ಇದೇ ಗುಂಪಿನವನು. ಬೆಲ್ ಆಟೋ ಪಾರ್ಟ್ಸ್ ನಡೆಸುತ್ತಾ, ನಿಜವಾದ ರೇಸ್ ಕಾರು ಕಟ್ಟುತ್ತಾ, ಜೊತೆಗೆ ರಿಕ್ಟರ್ ಸ್ಟ್ರೀಮ್‌ಲೈನರ್ ಎಂಬ ಟೆದರ್ ಕಾರನ್ನೂ ಮಾಡಿದ. ಬಿ.ಬಿ. ಕಾರ್ನ್, ಡ್ಯಾನ್ ಬಂಚ್ ಮುಂತಾದ ಇನ್ನಷ್ಟು ಹೆಸರುಗಳಿವೆ. ಸಂಗ್ರಹ ಮಾಡುವವರು ಇವರೆಲ್ಲರ ಕಾರುಗಳಿಗೂ ಬಾಯಿಬಿಡುತ್ತಾರೆ. ಆದರೆ ಓಟದ ಕಥೆ ಬೇಕೆಂದರೆ ಮೂರು ಎಂಜಿನ್ ಹಿಡಿದುಕೊಂಡರೆ ಸಾಕು: ಹಾರ್ನೆಟ್, ಮೆಕಾಯ್, ಡೂಲಿಂಗ್.

ಹಾರ್ನೆಟ್ ಫ್ರೆಸ್ನೋ ಊರಿನ ರೇ ಸ್ನೋ ಮಾಡಿದ್ದು. ವಿಮಾನಕ್ಕೆಂದು ಮಾಡಿದ ಎಂಜಿನ್‌ಗಳನ್ನೇ ಕಾರಿಗೆ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ, ಇದು ಶುದ್ಧ ರೇಸಿಗಾಗಿ ಹುಟ್ಟಿದ 10 ಸಿಸಿ ಎಂಜಿನ್. ವಿಮಾನದ ಎಂಜಿನ್‌ಗೆ ಪ್ರೊಪೆಲ್ಲರ್ ಇರುತ್ತದೆ. ಅದು ಗಾಳಿಯನ್ನು ಕಡೆಯುತ್ತಾ ವೇಗಕ್ಕೆ ಕಡಿವಾಣ ಹಾಕುತ್ತದೆ. ಕಾರಿನ ಎಂಜಿನ್‌ಗೆ ಇರುವುದು ಫ್ಲೈವೀಲ್ ಮತ್ತು ಗೇರು. ಅದು ಎಷ್ಟು ಬೇಕಾದರೂ ಏರಬಹುದು. ಏರಿದಾಗ ಒಡೆಯದೆ ಉಳಿಯಬೇಕು, ಅದೇ ಕಷ್ಟ.

ಯುದ್ಧ ಮುಗಿದ ಕೂಡಲೆ ಲಾಸ್ ಏಂಜಲೀಸ್ ಕಡೆಯ ಡಿಕ್ ಮೆಕಾಯ್ ತನ್ನ 60 ಎಂಜಿನ್ (ಅಂದರೆ 0.60 ಘನ ಇಂಚಿನದು) ತಂದ. ಸಿಲಿಂಡರ್ ಹೆಡ್ಡಿಗೆ ಕೆಂಪು ಬಣ್ಣ. ಹಾಗಾಗಿ ಎಲ್ಲರ ಬಾಯಲ್ಲೂ ರೆಡ್‌ಹೆಡ್. ಮೆಕಾಯ್ ಎಂಜಿನ್ ಕಾರ್ಖಾನೆ ಮಟ್ಟದಲ್ಲಿ ತಯಾರಾಯಿತು. ಡಬ್ಬದಿಂದ ತೆಗೆದು ಹಾಕಿದರೂ ಚೆನ್ನಾಗಿ ಓಡುತ್ತಿತ್ತು. ಆಟಕ್ಕೆ ಹೊಸಬರು ಬಂದದ್ದು ಬಹುಪಾಲು ಈ ಎಂಜಿನ್ ನೆಚ್ಚಿಕೊಂಡು. ಕಾರಿನಲ್ಲೂ ವಿಮಾನದಲ್ಲೂ ಅದರದೇ ಹವಾ.

ಹವಾ ಹೆಚ್ಚು ದಿನ ಉಳಿಯಲಿಲ್ಲ. 1947ರಲ್ಲಿ ಡೂಲಿಂಗ್ 61 ಬಂತು.

ಡೂಲಿಂಗ್ ಎಂದರೆ ಲಾಸ್ ಏಂಜಲೀಸ್‌ನ ಅಣ್ಣತಮ್ಮಂದಿರು: ಟಾಮ್, ಹ್ಯಾರಿಸ್, ರಸೆಲ್. ಎಂಜಿನ್ ಮಾಡುವ ಮುಂಚೆ ಅವರು ಕಾರು ಮಾಡುತ್ತಿದ್ದರು. ಯುದ್ಧಕ್ಕೆ ಮುಂಚಿನ ಫ್ರಾಗ್ ಎಂಬ ಕಾರಿಗೆ ಮುಂದಿನ ಚಕ್ರಗಳಿಗೆ ಶಕ್ತಿ. ಆಮೇಲಿನ ಆ್ಯರೋ ಹಿಂದಿನ ಚಕ್ರದ್ದು, ನೀಳವಾಗಿ, ಮೂಗು ಚೂಪಾಗಿ, ತಗ್ಗಾಗಿ ಕೂತಿರುತ್ತದೆ. ನನ್ನನ್ನು ಕೇಳಿದರೆ ಮಾದರಿ ಕಾರಿನಲ್ಲಿ ಅದಕ್ಕಿಂತ ಚೆಂದದ ಆಕಾರ ಇನ್ನೊಂದಿಲ್ಲ. ನೀವು ಹೇಳುವ ಉದ್ದ ಮತ್ತು ಭಾರ ನೋಡಿದರೆ ನಿಮ್ಮ ಕೈಗೆ ಬಂದದ್ದು ಆ್ಯರೋ ಇರಬಹುದು. ಆದರೆ ಡೂಲಿಂಗ್ ಎಂಜಿನ್ ಬೇರೆಯವರ ಕಾರುಗಳಲ್ಲೂ ಇರುತ್ತಿತ್ತು. ಎಂಜಿನ್ ಮೇಲಿನ ಹೆಸರೊಂದನ್ನೇ ನಂಬುವ ಹಾಗಿಲ್ಲ.

61ರ ಗುಟ್ಟೇನು? ಒಂದೇ ಒಂದು ಮಂತ್ರವಲ್ಲ. ಉಂಗುರ ಹಾಕಿದ ಹಗುರ ಅಲ್ಯೂಮಿನಿಯಂ ಪಿಸ್ಟನ್, ಕ್ರ್ಯಾಂಕಿಗೆ ಬಾಲ್ ಬೇರಿಂಗ್, ಹಿಂಬದಿಯಿಂದ ತಿರುಗುವ ವಾಲ್ವಿನ ಮೂಲಕ ಧಾರಾಳವಾಗಿ ಒಳಬರುವ ಗಾಳಿ-ಇಂಧನ. ಇವೆಲ್ಲ ಬಿಡಿಬಿಡಿಯಾಗಿ ಬೇರೆಯವರಲ್ಲೂ ಇದ್ದವು. ಡೂಲಿಂಗ್ ಅಣ್ಣತಮ್ಮಂದಿರು ಕಾರು ಓಡಿಸಿ ಓಡಿಸಿ ಎಲ್ಲಿ ಏನು ಮುರಿಯುತ್ತದೆ ಎಂದು ಕಂಡುಕೊಂಡವರು. ಎಂಜಿನ್ ಮತ್ತು ಕಾರನ್ನು ಜೋಡಿಯಾಗಿ ಯೋಚಿಸಿದರು. 1940ರ ದಶಕ ಮುಗಿಯುವಷ್ಟರಲ್ಲಿ ವೇಗ ಗಂಟೆಗೆ 200 ಕಿ.ಮೀ. ದಾಟಿತ್ತು. 9 ಸೆಂಟಿಮೀಟರ್ ವ್ಯಾಸದ ಚಕ್ರ ಆ ವೇಗಕ್ಕೆ ನಿಮಿಷಕ್ಕೆ ಸುಮಾರು 12 ಸಾವಿರ ಸಲ ತಿರುಗಬೇಕು. ಅಷ್ಟು ರಭಸಕ್ಕೆ ರಬ್ಬರ್ ಟೈರು ಹಿಗ್ಗುತ್ತದೆ, ಕೆಲವೊಮ್ಮೆ ರಿಮ್ ಬಿಟ್ಟು ಹಾರಿಹೋಗುತ್ತದೆ. ಟೈರು ಸರಿಯಾಗಿ ಬೇಯಿಸಿ ಕೊಡಬಲ್ಲವನಿಗೆ ಆ ದಿನಗಳಲ್ಲಿ ಎಂಜಿನ್ ಮಾಡುವವನಷ್ಟೇ ಬೆಲೆ.

ಅದೇ 1947ರಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ ಒಂದು ಸಣ್ಣ ವಸ್ತು ಮಾರಾಟಕ್ಕೆ ಬಂತು. ರೇ ಆರ್ಡೆನ್ ತಂದ ಗ್ಲೋ ಪ್ಲಗ್. ಅಲ್ಲಿಯವರೆಗೆ ಪ್ರತಿ ಕಾರಿನ ಹೊಟ್ಟೆಯಲ್ಲಿ ಬ್ಯಾಟರಿ, ಇಗ್ನಿಷನ್ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಎಲ್ಲ ತುಂಬಿರಬೇಕಿತ್ತು. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕಲ್ಲ. ಅದೆಲ್ಲ ಸತ್ತ ಭಾರ, ಜೊತೆಗೆ ಅರ್ಧ ತೊಂದರೆಗಳ ಮೂಲ. ಗ್ಲೋ ಪ್ಲಗ್ಗಿನಲ್ಲಿ ಇರುವುದು ಪ್ಲಾಟಿನಂನ ಪುಟ್ಟ ಸುರುಳಿ. ಶುರುವಿನಲ್ಲಿ ಒಮ್ಮೆ ಹೊರಗಿನ ಬ್ಯಾಟರಿಯಿಂದ ಅದನ್ನು ಕಾಯಿಸಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಬ್ಯಾಟರಿ ಕಿತ್ತುಬಿಡಬಹುದು. ಮೆಥನಾಲ್ ಆವಿ ಪ್ಲಾಟಿನಂ ತಾಗಿದರೆ ತಾನಾಗಿ ಬಿಸಿ ಹುಟ್ಟುತ್ತದೆ. ಆ ಬಿಸಿ, ಸಿಲಿಂಡರಿನ ಒತ್ತಡದ ಬಿಸಿ, ಹಿಂದಿನ ಸುತ್ತಿನ ಉರಿ ಸೇರಿ ಸುರುಳಿ ಕೆಂಪಗೇ ಇರುತ್ತದೆ.

ಇಂಧನವೂ ಆ ಹೊತ್ತಿಗೆ ಪೆಟ್ರೋಲ್ ಬಿಟ್ಟು ಮೆಥನಾಲ್ ಕಡೆಗೆ ವಾಲಿತ್ತು. ಅದಕ್ಕೆ ಬೆರೆಸುವ ಎಣ್ಣೆ ಯಾವುದು ಗೊತ್ತಾ? ನಮ್ಮ ಹರಳೆಣ್ಣೆ. ಸಾಮಾನ್ಯ ಎಂಜಿನ್ ಆಯಿಲ್ ಮೆಥನಾಲ್‌ನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಚೆನ್ನಾಗಿ ಬೆರೆಯುತ್ತದೆ. ಎಂಜಿನ್ ಕೆಂಡದಂತೆ ಕಾದಾಗಲೂ ಅದು ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಇವತ್ತಿನ ಅಂತರರಾಷ್ಟ್ರೀಯ ಟೆದರ್ ಕಾರು ಸ್ಪರ್ಧೆಯ ಇಂಧನವೂ ಅದೇ ಹಳೇ ಹದ, 80 ಪಾಲು ಮೆಥನಾಲ್, 20 ಪಾಲು ಎಣ್ಣೆ. ಜಗತ್ತಿನ ಹರಳೆಣ್ಣೆಯಲ್ಲಿ ಬಹುಪಾಲು ಭಾರತದ್ದು, ಅದರಲ್ಲೂ ಗುಜರಾತಿನದ್ದು. ಯುರೋಪಿನ ಯಾವುದೋ ಟ್ರ್ಯಾಕಿನಲ್ಲಿ ಕಾರು ಹೊಗೆ ಬಿಟ್ಟರೆ ಆ ವಾಸನೆಯಲ್ಲಿ ನಮ್ಮ ಪಾಲೂ ಇರುತ್ತದೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಆಟ 1950ರ ದಶಕದಲ್ಲಿ ಅಮೆರಿಕದಲ್ಲಿ ಯಾಕೆ ಸೊರಗಿತು? ಟಿವಿ ಬಂತು, ಸದ್ದಿಗೆ ಅಕ್ಕಪಕ್ಕದವರು ಬೈದರು, ಊರು ಬೆಳೆದು ಜಾಗ ಸಿಗದಾಯಿತು ಎಂದೆಲ್ಲ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನನ್ನ ಅನಿಸಿಕೆ ಬೇರೆ. ಆಟವನ್ನು ಬೆಳೆಸಿದ್ದೂ ತಯಾರಕರು, ಒಣಗಿಸಿದ್ದೂ ಅವರೇ. 1940ರಲ್ಲಿ ಗೆಲ್ಲಬೇಕಾದರೆ ಗ್ಯಾರೇಜಿನಲ್ಲಿ ಕೂತು ಏನಾದರೂ ಹೊಸದು ಹುಡುಕಬೇಕಿತ್ತು. 1949ರಲ್ಲಿ ಗೆಲ್ಲಬೇಕಾದರೆ ಡೂಲಿಂಗ್ ಕಾರು, ಡೂಲಿಂಗ್ ಎಂಜಿನ್ ಕೊಂಡರೆ ಬಹುಮಟ್ಟಿಗೆ ಸಾಕು. ಕೊಳ್ಳಲಾಗದವನಿಗೆ ಬಾಗಿಲು ಮುಚ್ಚಿತು. ಕೊಂಡವನಿಗೆ ಮಾಡಲು ಕೆಲಸ ಉಳಿಯಲಿಲ್ಲ. ಒಬ್ಬೊಬ್ಬನ ಕಾರೂ ಒಂದೊಂದು ಥರ ಇದ್ದಾಗ ಜನ ನೋಡಲು ಬರುತ್ತಿದ್ದರು. ಎಲ್ಲವೂ ಒಂದೇ ಥರ ಆದ ಮೇಲೆ, ಒಂಟಿ ಕಾರು ಕಂಬ ಸುತ್ತುವುದನ್ನು ಎಷ್ಟು ಹೊತ್ತು ನೋಡುತ್ತೀರಿ?

ಇದೇ ಹೊತ್ತಿಗೆ ತಂತಿ ಹಿಡಿದು ವಿಮಾನ ಹಾರಿಸುವ ಕಂಟ್ರೋಲ್ ಲೈನ್ ಜನಪ್ರಿಯವಾಯಿತು. ಓರೆಗಾನ್‌ನ ಜಿಮ್ ವಾಕರ್ ಅದನ್ನು ಮನೆಮನೆಗೆ ಮುಟ್ಟಿಸಿದ. ಅದಕ್ಕೆ ಕಾಂಕ್ರೀಟ್ ಟ್ರ್ಯಾಕ್ ಬೇಡ, ಶಾಲೆಯ ಮೈದಾನ ಸಾಕು. ಹಿಡಿಕೆ ನಿಮ್ಮ ಕೈಯಲ್ಲೇ ಇರುತ್ತದೆ, ಲಾಗ ಹಾಕಿಸಬಹುದು. ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದವರಿಗೆ ಇದರ ರುಚಿ ಗೊತ್ತಿರುತ್ತದೆ. ಕಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಲು ಹೋಗಿ ಬೆರಳಿಗೆ ಪೆಟ್ಟು ತಿಂದ ಕೆಡೆಟ್‌ಗಳು ಎಷ್ಟೋ ಜನ. ಟೆದರ್ ಕಾರು ಮಾತ್ರ ಭಾರತದಲ್ಲಿ ಬೇರು ಬಿಡಲಿಲ್ಲ.

ಅಮೆರಿಕದ ತಯಾರಕರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಮೆಕಾಯ್ ಹೆಸರು ಬಣ್ಣ-ಅಂಟು ಮಾರುವ ಟೆಸ್ಟರ್ಸ್ ಕಂಪನಿಯ ಕೈಸೇರಿತು. ಎಲ್ಲರಿಗಿಂತ ಜಾಣತನ ತೋರಿಸಿದವನು ಸಾಂಟಾ ಅನಾ ಊರಿನ ರಾಯ್ ಕಾಕ್ಸ್. ಯುದ್ಧದ ಹೊತ್ತಿಗೆ ಮಕ್ಕಳಿಗೆ ಮರದ ಆಟದ ಬಂದೂಕು ಮಾಡಿಕೊಂಡಿದ್ದ. ಆಮೇಲೆ ಲೋಹದ ಪುಟ್ಟ ರೇಸ್ ಕಾರು ಮಾಡಿದ, ಥಿಂಬಲ್ ಡ್ರೋಮ್ ಹೆಸರಿನಲ್ಲಿ. ಮೊದಲು ಅದಕ್ಕೆ ಎಂಜಿನ್ನೇ ಇರಲಿಲ್ಲ, ಮಕ್ಕಳು ತಳ್ಳಿ ಆಡುತ್ತಿದ್ದರು. ನಂತರ ಬೇರೆಯವರ ಸಣ್ಣ ಎಂಜಿನ್ ಹಾಕಿ ಮಾರಿದ. ಆಮೇಲೆ ತಾನೇ ಎಂಜಿನ್ ಮಾಡಲು ನಿಂತ. 1952ರ ಸುಮಾರಿಗೆ ಬಂದ ಅವನ ಸ್ಪೇಸ್ ಬಗ್ 0.049 ಘನ ಇಂಚಿನದು, ಅಂದರೆ ಕೇವಲ 0.8 ಸಿಸಿ. ಡೂಲಿಂಗ್ ಮುಂದೆ ಅದು ಸೊಳ್ಳೆ. ಆದರೆ ಅಷ್ಟು ಸಣ್ಣ ಎಂಜಿನ್ನಿನಲ್ಲಿ ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆ ಇಟ್ಟು, ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಮಕ್ಕಳಿಗೂ ಎಟುಕುವ ಬೆಲೆಗೆ ಮಾಡುವುದು ಸುಮ್ನೆ ಮಾತಲ್ಲ. ಡೂಲಿಂಗ್ ವೇಗ ಹುಡುಕಿದರೆ ಕಾಕ್ಸ್ ಸಂಖ್ಯೆ ಹುಡುಕಿದ. ಅವನ ಕಂಪನಿ ವಿಮಾನ, ಪ್ರೊಪೆಲ್ಲರ್ ಹಚ್ಚಿದ ಕಾರು, ಆಮೇಲೆ ಡ್ಯೂನ್ ಬಗ್ಗಿಗಳನ್ನೆಲ್ಲ ಮಾಡಿ ದಶಕಗಳ ಕಾಲ ಬಾಳಿತು.

ಯುರೋಪಿನಲ್ಲಿ ನಡೆದದ್ದು ಬೇರೆ. ಯುದ್ಧದ ನಂತರ ಬ್ರಿಟನ್ನಿನಲ್ಲಿ ಡಾಲರಿಗೆ ಬರ. ಅಮೆರಿಕದ ಎಂಜಿನ್ ತರಿಸುವುದು ಸುಲಭವಿರಲಿಲ್ಲ. ಹಾಗಾಗಿ ತಾವೇ ಮಾಡಿಕೊಂಡರು. ಸರ್ರೆಯ ನಾರ್ಡೆಕ್, ಸ್ಕಾಟ್ಲೆಂಡಿನ ಡಂಡಿ ಊರಿನ ರೋವೆಲ್, ವಾಟ್‌ಫರ್ಡ್‌ನ ಇಟಿಎ ಎಲ್ಲ ಆ ಕಾಲದವು. ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನಾಟಿಂಗ್‌ಹ್ಯಾಮ್‌ನ ಆಲಿವರ್ ಅವರ ಟೈಗರ್. 2.5 ಸಿಸಿ ಡೀಸೆಲ್. ಪ್ಲಗ್ಗೇ ಇಲ್ಲ. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯ ಮಿಶ್ರಣ ಒತ್ತಡಕ್ಕೇ ಹೊತ್ತಿಕೊಳ್ಳುತ್ತದೆ. ಕಾರಿಗೆಂದು ಮಾಡಿದ ಟೈಗರಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡೂ ಬದಿಗೆ ಹೊರಗೆ ಬರುತ್ತಿತ್ತು. ಎರಡು ತುದಿಗೂ ನೇರವಾಗಿ ಚಕ್ರ ಸಿಕ್ಕಿಸಿಬಿಡುವುದು. ಗೇರ್ ಇಲ್ಲ, ಚಕ್ರಗಳನ್ನು ಜೋಡಿಸುವ ಆಕ್ಸೆಲ್ ದಂಡವೂ ಇಲ್ಲ, ಎಂಜಿನ್ನೇ ಆಕ್ಸೆಲ್. ಅದರ ಸರಳತೆ ನೋಡಿದಷ್ಟೂ ಖುಷಿ. ಮುಂದೆ ಆಲಿವರ್ ಟೈಗರ್ ವಿಮಾನ ಸ್ಪರ್ಧೆಗಳಲ್ಲಿ ದಂತಕಥೆಯಾಯಿತು. ಅದರ ಹುಟ್ಟು ಕಾರಿನಲ್ಲಿ ಎಂಬುದು ಎಷ್ಟೋ ವಿಮಾನದವರಿಗೆ ಗೊತ್ತಿಲ್ಲ.

1952ರಲ್ಲಿ ಯುರೋಪಿನ ಕ್ಲಬ್ಬುಗಳು ಸೇರಿ ಫೆಮಾ ಎಂಬ ಒಕ್ಕೂಟ ಕಟ್ಟಿದವು. 1.5, 2.5, 5 ಮತ್ತು 10 ಸಿಸಿ ಎಂದು ವರ್ಗ ಮಾಡಿದರು. 3.5 ಸಿಸಿ ಆಮೇಲೆ ಸೇರಿತು. ಸೋವಿಯತ್ ಒಕ್ಕೂಟದಲ್ಲಿ ಡೊಸಾಫ್ ಸಂಸ್ಥೆ ಇದಕ್ಕೆ ಸರ್ಕಾರಿ ಬೆಂಬಲ ಕೊಟ್ಟಿತು. ಹಂಗೇರಿಯಲ್ಲಿ ಮೋಕಿ ಎಂಜಿನ್ ಬಂತು. ಇಟಲಿಯ ಬೊಲೋನಾದಲ್ಲಿ ಜೌರೆಸ್ ಗರೋಫಾಲಿಯ ಸೂಪರ್ ಟೈಗ್ರೆ, ಬ್ರೆಷಿಯಾದಲ್ಲಿ ರೊಸ್ಸಿ ಸೋದರರು, ಮೊಂಜಾ ಕಡೆ ಪಿಕ್ಕೋ. ಇಲ್ಲಿ ಕಾರನ್ನು ಅಂಗಡಿಯಿಂದ ತಂದು ಗೆಲ್ಲುವ ಹಾಗಿರಲಿಲ್ಲ. ಎಂಜಿನ್ ಕೊಂಡರೂ ಅದನ್ನು ಬಿಚ್ಚಿ, ಗಾಳಿ-ಹೊಗೆ ಓಡಾಡುವ ಪೋರ್ಟ್ ಕಿಂಡಿಗಳನ್ನು ತೀಡಿ, ಕಾರನ್ನು ಸ್ವಂತ ಲೇತಿನಲ್ಲಿ ಮಾಡಿಕೊಳ್ಳಬೇಕಿತ್ತು. ಅದಕ್ಕೇ ಅಲ್ಲಿ ಆಟ ಉಳಿಯಿತು ಎಂಬುದು ನನ್ನ ವಾದ.

ಈಗಿನ ಟೆದರ್ ಕಾರು ನೋಡಿದರೆ ಕಾರು ಎನಿಸುವುದೇ ಇಲ್ಲ. ಇಂಡಿಯಾನಾಪೊಲಿಸ್ ಓಟದ ದೊಡ್ಡ ರೇಸ್ ಕಾರಿನ ಹೋಲಿಕೆ ಹೋಗಿ ಎಷ್ಟೋ ಕಾಲವಾಯಿತು. ಗಾಳಿ ಸೀಳಲು ಕಡಿದ ತೆಳು ಲೋಹದ ಮೀನು. ಟ್ರ್ಯಾಕಿನ ತ್ರಿಜ್ಯ 9.95 ಮೀಟರ್, ಸುತ್ತಳತೆ 62.5 ಮೀಟರ್, 8 ಸುತ್ತಿಗೆ 500 ಮೀಟರ್. 10 ಸಿಸಿ ಕಾರುಗಳ ವೇಗ ಗಂಟೆಗೆ 340 ಕಿ.ಮೀ. ದಾಟಿದೆ. ಒಂದು ಸುತ್ತಿಗೆ ಮುಕ್ಕಾಲು ಸೆಕೆಂಡೂ ಬೇಡ. 3 ಕೆಜಿ ಕಾರು ಎಂದುಕೊಂಡರೂ ತಂತಿಯ ಮೇಲಿನ ಎಳೆತ 270 ಕೆಜಿಗಿಂತ ಜಾಸ್ತಿ. ಕಣ್ಣಿಗೆ ಕಾಣುವುದು ಒಂದು ಗೆರೆ, ಕಿವಿಗೆ ಕೇಳುವುದು ಚೀರಾಟ.

ಓಡಿಸುವ ರೀತಿಯೇ ನೋಡಲು ಚೆಂದ. ಒಬ್ಬ ಉದ್ದ ಕೋಲಿನಿಂದ ಕಾರನ್ನು ಹಿಂದಿನಿಂದ ತಳ್ಳುತ್ತಾ ಓಡುತ್ತಾನೆ. ಎಂಜಿನ್ ಹತ್ತಿಕೊಂಡ ಕೂಡಲೆ ಪಕ್ಕಕ್ಕೆ ಸರಿಯುತ್ತಾನೆ. ಕಂಬದ ಬಳಿ ನಿಂತ ಇನ್ನೊಬ್ಬ ಮೊದಲ ಕೆಲವು ಸುತ್ತು ತಂತಿಯನ್ನು ಹಿಡಿದು ಮುಂದಕ್ಕೆ ಎಳೆಯುತ್ತಾ ಕಾರಿಗೆ ನೆರವಾಗುತ್ತಾನೆ. ವೇಗ ಬಂದ ಮೇಲೆ ತಂತಿ ಬಿಟ್ಟು ಕಂಬಕ್ಕೆ ಒರಗಿ ನಿಲ್ಲುತ್ತಾನೆ. ಸೈಲೆನ್ಸರಿನ ಕೊಳವೆಯ ಆಕಾರವನ್ನು ಒಂದು ನಿರ್ದಿಷ್ಟ ವೇಗಕ್ಕೆ ಹದ ಮಾಡಿರುತ್ತಾರೆ. ಎಂಜಿನ್ ಆ ವೇಗ ಮುಟ್ಟಿದಾಗ ಸದ್ದು ಥಟ್ಟನೆ ಬದಲಾಗುತ್ತದೆ. ಆಗ ಸಮಯ ಅಳೆಯುವ ಗುಂಡಿ ಒತ್ತುತ್ತಾರೆ. ನಿಲ್ಲಿಸುವುದು ಹೇಗೆ? ಕಾರಿನ ನೆತ್ತಿಯ ಮೇಲೆ ಒಂದು ಸಣ್ಣ ಕಡ್ಡಿ ಚಾಚಿರುತ್ತದೆ. ಪೊರಕೆಯಂಥದ್ದನ್ನು ಟ್ರ್ಯಾಕಿನ ಮೇಲೆ ಅಡ್ಡ ಹಿಡಿದರೆ ಕಡ್ಡಿ ಬಡಿದು ಇಂಧನ ನಿಲ್ಲುತ್ತದೆ.

ನೋಡಬೇಕೆಂದರೆ ಜರ್ಮನಿಯ ಕಾಪ್‌ಫೆನ್‌ಹಾರ್ಟ್, ಸ್ವಿಟ್ಜರ್ಲೆಂಡಿನ ಬಾಸೆಲ್ ಊರುಗಳಲ್ಲಿ ಟ್ರ್ಯಾಕ್ ಇವೆ. ನಿಮ್ಮ ಮಗಳು ಲಾಸ್ ಏಂಜಲೀಸ್ ಕಡೆ ಇದ್ದರೆ ಇನ್ನೂ ಸುಲಭ. ಅಲ್ಲೇ ವಿಟ್ಟಿಯರ್ ನ್ಯಾರೋಸ್ ಪಾರ್ಕಿನಲ್ಲಿ ಟೆದರ್ ಕಾರಿನ ಟ್ರ್ಯಾಕ್ ಇದೆ. ಮುಂದಿನ ಸಲ ಹೋದಾಗ ಓಟದ ದಿನ ವಿಚಾರಿಸಿಕೊಳ್ಳಿ. ಅಲ್ಲಿಗೆ ಬರುವ ಹಿರಿಯರು ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಹೇಳಬಲ್ಲರು.

ರಿಮೋಟ್ ಕಾರಿನ ಬಗ್ಗೆ ಎರಡೇ ಮಾತು. 1960ರ ದಶಕದ ಕೊನೆಗೆ ರೇಡಿಯೋ ಸೆಟ್ಟುಗಳು ಸಣ್ಣದಾದವು. ಅದೇ ಗ್ಲೋ ಎಂಜಿನ್‌ಗೆ ಸ್ಟೇರಿಂಗ್, ಬ್ರೇಕ್ ಸೇರಿಕೊಂಡು ನಿಜವಾದ ಕಾರಿನ ಎಂಟನೇ ಒಂದು (1/8) ಅಳತೆಯ ರೇಸ್ ಕಾರು ಹುಟ್ಟಿತು. ಅಮೆರಿಕದ ಅಸೋಸಿಯೇಟೆಡ್, ಜಪಾನಿನ ಕ್ಯೋಶೋ ಹೆಸರು ಮಾಡಿದ್ದು ಆಗ. ಇವತ್ತು ಹುಡುಗರು ನೈಟ್ರೋ ಕಾರು ಎಂದು ಕೊಳ್ಳುವುದು ಆ ವಂಶದ್ದು. ಅದೂ ಈಗ ಬ್ಯಾಟರಿ ಕಾರುಗಳ ಮುಂದೆ ಹಿಂದೆ ಸರಿಯುತ್ತಿದೆ.

ಕೊನೆಗೆ, ಆ ಕಾರು ಇನ್ನೂ ಮಾರಾಟವಾಗದೆ ಇದ್ದರೆ ಏನು ನೋಡಬೇಕು? ಹಳೇ ಎರಕಗಳಿಂದ ಅಚ್ಚು ತೆಗೆದು ಮಾಡಿದ ನಕಲುಗಳು ಬಹಳ ಇವೆ. ಕೆಲವನ್ನು ಮಾಡಿದವರು ನಕಲು ಎಂದು ಪ್ರಾಮಾಣಿಕವಾಗಿ ಹೇಳಿಯೇ ಮಾರಿದ್ದಾರೆ, ಮುಂದೆ ಕೈ ಬದಲಾಗುತ್ತಾ ಅದು ಮರೆತುಹೋಗಿರುತ್ತದೆ. ಕಾರಿನ ತಳದ ಎರಕ, ಗೇರ್ ಡಬ್ಬಿ, ಚಕ್ರಗಳು ಒಂದೇ ತಯಾರಕರದ್ದೇ ಎಂದು ತಿಳಿದವರಿಂದ ನೋಡಿಸಿ. ಮೂಲ ಬಣ್ಣ ಇದ್ದರೆ, ಎಷ್ಟೇ ಕಿತ್ತುಹೋಗಿರಲಿ, ಮುಟ್ಟಬೇಡಿ. ಹೊಸ ಬಣ್ಣ ಬಳಿದರೆ ಬೆಲೆ ಬೀಳುತ್ತದೆ. ತಳ ಮೆಗ್ನೀಸಿಯಂ ಆಗಿದ್ದರೆ ಮರಳು ಕಾಗದದಿಂದ ಉಜ್ಜಲೂ ಹೋಗಬೇಡಿ. ಅದರ ಪುಡಿಗೆ ಬೆಂಕಿ ಬೇಗ ತಗಲುತ್ತದೆ. ಎಂಜಿನ್ ತಿರುಗದೆ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ. ಅದು ಬಹುತೇಕ ಹಳೇ ಹರಳೆಣ್ಣೆ ಒಣಗಿ ಅಂಟಾಗಿರುವುದು. ಬಲವಂತವಾಗಿ ತಿರುಗಿಸದೆ, ಮೆಲ್ಲಗೆ ಬಿಸಿ ಮಾಡಿ ಮೆಥನಾಲ್ ಹಾಕಿದರೆ ಬಿಡುತ್ತದೆ. ಗಾಳಿ ಆಡುವ ಕಡೆ, ಬೆಂಕಿಯಿಂದ ದೂರ ಮಾಡಿ. ಮೆಥನಾಲ್ ವಿಷ, ಬರಿ ಕೈಯಲ್ಲಿ ಮುಟ್ಟಬೇಡಿ.

ಕೊಂಡರೂ ಓಡಿಸುವ ಯೋಚನೆ ಮಾತ್ರ ಬೇಡ. ಮುಕ್ಕಾಲು ಶತಮಾನದ ಹಳೇ ಎರಕದಲ್ಲಿ ಒಳಬಿರುಕು ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ವಿಮಾನದಲ್ಲಿ ಊರಿಗೆ ತರುವುದಿದ್ದರೆ ಟ್ಯಾಂಕು, ಎಂಜಿನ್ ಎರಡನ್ನೂ ಪೂರ್ತಿ ತೊಳೆದು, ಇಂಧನದ ವಾಸನೆಯೂ ಉಳಿಯದಂತೆ ಒಣಗಿಸಿ. ಟಿಕೆಟ್ ತೆಗೆಯುವ ಮುಂಚೆ ಏರ್‌ಲೈನ್‌ನವರನ್ನೇ ಕೇಳಿಬಿಡಿ. ಹಳೇ ಇಂಧನದ ವಾಸನೆ ಬಂದರೆ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ.